ರತ್ನಪ್ರಭಾದೇವಿಯನ್ನು ಕೊಂದ ಸೊಸೆ

ತನುಜ ರತ್ನಪ್ರಭಾದೇವಿಯನ್ನು ಕೊಂದದ್ದು ಒಂದು ಮಧ್ಯಾಹ್ನ, ಒಲೆಯ ಮೇಲೆ ಕುಕ್ಕರ್ ಕೂಗುತ್ತಿದ್ದಾಗ. ಎರಡು ವಿಷಲ್‌ಗಳ ನಡುವೆ ಕೆಲಸ ಮುಗಿಯಿತು. ಮೊಬೈಲಿನಲ್ಲಿ ಕೊನೆಯ ಸಾಲು ಒತ್ತಿ, ಗುಂಪಿಗೆ ಕಳಿಸಿ, ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕಿದಳು.

ಗಾಬರಿ ಬೀಳುವುದು ಬೇಡ. ರತ್ನಪ್ರಭಾದೇವಿ ತನುಜಳ ಊರಾದ ಜಂಗಮಕೋಟೆಯವಳಲ್ಲ, ಯಾವ ಕೋಟೆಯವಳೂ ಅಲ್ಲ. ‘ಏಳು ಬಾಗಿಲ ಮನೆ’ ಎಂಬ ಟೀವಿ ಧಾರಾವಾಹಿಯ ಅತ್ತೆ. ಮಲಗುವಾಗಲೂ ಸೊಂಟದ ಡಾಬು ಬಿಚ್ಚದ, ಸೊಸೆಯ ಹಾಲಿಗೆ ವಾರಕ್ಕೊಮ್ಮೆ ವಿಷ ಬೆರೆಸುವ, ಒಂದು ಮಾತಾಡಲು ಮೂರು ಸಲ ಮುಖ ತಿರುಗಿಸುವ ಅತ್ತೆ. ಆ ಧಾರಾವಾಹಿ ಮುಗಿದು ವರ್ಷಗಳೇ ಆದವು. ಮುಗಿಸಿದ ರೀತಿಯೋ, ದೇವರಿಗೇ ಪ್ರೀತಿ. ಸೊಸೆ ಯಾಮಿನಿಯನ್ನು ಕಾರಿನ ಸಮೇತ ಕಣಿವೆಗೆ ತಳ್ಳಿ, ಶುಭಂ ಎಂದು ಹಾಕಿ ಕೈ ತೊಳೆದುಕೊಂಡರು. ದಿನಾ ಸಂಜೆ ಒಲೆ ಮೇಲಿನದನ್ನು ಸೀಯಲು ಬಿಟ್ಟು ನೋಡಿದ ಹೆಂಗಸರ ಹೊಟ್ಟೆ ಉರಿಯಿತು.

ಆ ಹೊಟ್ಟೆಯುರಿಯಿಂದಲೇ ಗುಂಪು ಹುಟ್ಟಿತು. ಗೌರಿಬಿದನೂರಿನ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ಶೈಲಜಾ ಅದನ್ನು ವಾಟ್ಸಾಪಿನಲ್ಲಿ ಶುರು ಮಾಡಿದಳು. ಕಣಿವೆಗೆ ಬಿದ್ದ ಯಾಮಿನಿಯನ್ನು ಮೇಲೆತ್ತಿ, ಮುಂದಿನ ಕತೆಯನ್ನು ತಾವೇ ಬರೆಯುವವರು ಕೆಲವರು. ಓದಿ ಜಗಳ ಆಡುವವರು ಹಲವರು. ಯುಗಾದಿಗೆ ಒಂದು ಸಂಚಿಕೆ ತರುತ್ತಿದ್ದರು. ವರ್ಷದ ಒಳ್ಳೆಯ ಕತೆಗಳನ್ನು ಆರಿಸಿ, ಚಿಂತಾಮಣಿಯ ಚೈತ್ರ ಎಂಬ ಹುಡುಗಿ ಬಿಡಿಸಿದ ಚಿತ್ರ ಸೇರಿಸಿ, ಶೈಲಜಾಳ ಅಂಗಡಿಯಲ್ಲೇ ಜೆರಾಕ್ಸ್ ತೆಗೆದು, ಪಿನ್ನು ಹೊಡೆದು ಅಂಚೆಗೆ ಹಾಕುವುದು. ಅದರ ಹೆಸರು ‘ಎಂಟನೇ ಬಾಗಿಲು’. ಗುಂಪಿಗೆ ಇದ್ದದ್ದು ಒಂದೇ ಕಟ್ಟಳೆ: ನಮ್ಮ ಕತೆಗಳಲ್ಲಿ ಯಾರೂ ಸಾಯಬಾರದು. ಟೀವಿಯವರು ಕೊಂದದ್ದೇ ಸಾಕು.

ತನುಜ ಆ ಗುಂಪಿನಲ್ಲಿ ‘ಹಿಪ್ಪುನೇರಳೆ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದಳು. ಗಂಡ ರಮೇಶ್‌ಬಾಬು ಊರಿನ ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ಮನೆ ಹಿಂದೆ ಹಿಪ್ಪುನೇರಳೆ ತೋಟ, ತೋಟದ ಮಗ್ಗುಲಲ್ಲಿ ಹುಳುಮನೆ. ಹುಳುಮನೆಯ ಕೆಲಸವೆಲ್ಲ ತನುಜಳದು, ಅವಳ ಅತ್ತೆ ಕದಿರಮ್ಮನದು. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಕೂತುಬಿಡುತ್ತದೆ, ಹಳೆ ಚರ್ಮ ಕಳಚುವ ತನಕ. ಅದಕ್ಕೆ ಇಲ್ಲಿಯವರು ಜ್ವರ ಅನ್ನುತ್ತಾರೆ, ಕಳಚಿ ಮತ್ತೆ ಮೇವಿಗೆ ಬಂದರೆ ಹುಳು ಎದ್ದವು ಅನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಸಾಕುವವರಿಗೆ ಬಿಡುವು ಅಂತ ಸಿಗುವುದು ಆಗಲೇ. ತನುಜ ಬರೆಯುತ್ತಿದ್ದದ್ದೂ ಆಗಲೇ. ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಒಂದೊಂದು ಸಾಲು ಒತ್ತಿ, ಎದುರಿಗೆ ಕೂತ ಅತ್ತೆಗೆ ಓದಿ ಹೇಳುವುದು.

ಕದಿರಮ್ಮನಿಗೆ ಓದು ಬಾರದು. ಆದರೆ ಓದಿ ಹೇಳಿದ್ದನ್ನು ಸುಮ್ಮನೆ ಕೇಳುವ ಜಾತಿಯೂ ಅಲ್ಲ.

“ಆಯಮ್ಮ ಹಾಲಿಗ್ಯಾಕೆ ವಿಷ ಹಾಕ್ತಾಳೆ?” ಎಂದು ಮೊದಲ ದಿನವೇ ಜಗಳ ತೆಗೆದಳು. “ಹಾಲಂದ್ರೆ ಅಷ್ಟು ಸಸಾರನಾ? ಮನೇಲಿ ಒಂದು ಹಸ ಕಟ್ಟಿದ್ರೆ ಗೊತ್ತಾಗ್ತಿತ್ತು. ತೆಗೆಯಮ್ಮ ಅದನ್ನ.”

“ಅತ್ತೆ, ಅವಳು ಕೆಟ್ಟವಳು. ಟೀವೀಲಿ ಹಂಗೇ ಇರೋದು.”

“ಟೀವಿಯೋರಿಗೆ ಅತ್ತೆ ಇಲ್ಲೇನೋ ಪಾಪ. ಅತ್ತೆ ಅಂದ್ಮೇಲೆ ಬೈತಾಳೆ. ಬೈದು ಉಂಡ್ಯೇನಮ್ಮ ಅಂತ ಕೇಳ್ತಾಳೆ. ಅದನ್ನ ಬರಿ.”

ತನುಜ ಅದನ್ನೇ ಬರೆದಳು. ಅವಳ ಕತೆಯ ರತ್ನಪ್ರಭಾದೇವಿ ಹಾಲಿಗೆ ವಿಷ ಹಾಕುವುದನ್ನು ಬಿಟ್ಟು, ಮೊಸರಿಗೆ ಹೆಪ್ಪು ಹಾಕತೊಡಗಿದಳು. ಕಿವಿ ನೋಯುತ್ತದೆಂದು ಓಲೆ ಬಿಚ್ಚಿಟ್ಟಳು. ಸೊಸೆಗೆ ಬೈದು, ಬೈದ ಬಾಯಲ್ಲೇ ಉಂಡ್ಯಾ ಎಂದು ಕೇಳಿದಳು. ಗುಂಪಿನವರು ಮುಗಿಬಿದ್ದು ಓದಿದರು. ಯಾಮಿನಿಯನ್ನು ಉಳಿಸಲು ಸೇರಿದ್ದ ಹೆಂಗಸರು ಈಗ ಅವಳ ಅತ್ತೆಗಾಗಿ ಕಾಯತೊಡಗಿದರು. ಮೆಚ್ಚಿ ಬರೆದದ್ದನ್ನೆಲ್ಲ ತನುಜ ಓದಿ ಹೇಳಿದರೆ, ಕದಿರಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, “ಸರೇಲೇ, ನಂದೇನೈತೆ” ಎನ್ನುತ್ತಿದ್ದಳು. ಆದರೆ ಮಾರನೆಯ ದಿನ ಇನ್ನೊಂದು ಮಾತು ತಯಾರಿರುತ್ತಿತ್ತು.

ಹೋದ ದಸರಾ ಕಳೆದ ಮೇಲೆ, ಒಂದು ಬೆಳಿಗ್ಗೆ, ಕದಿರಮ್ಮ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. “ಹುಳ ಎದ್ವೇನಮ್ಮ?” ಎಂದು ಕೇಳಿದಳು. ತನುಜ ನೋಡಿಕೊಂಡು ಬರಲು ಹುಳುಮನೆಗೆ ಹೋದಳು. ಎಲ್ಲ ಎದ್ದಿದ್ದವು, ಸೊಪ್ಪಿಗೆ ಬಾಯಿ ಆಡಿಸುತ್ತಿದ್ದವು. ಹೇಳಲು ವಾಪಸ್ಸು ಬಂದರೆ ಲೋಟ ಮಡಿಲಲ್ಲಿ ಉರುಳಿತ್ತು. ಕದಿರಮ್ಮ ಗೋಡೆಗೆ ಒರಗಿದ್ದಳು. ಉತ್ತರ ತನುಜಳ ಬಾಯಲ್ಲೇ ಉಳಿಯಿತು.

ಸೂತಕದವರು ಹುಳುಮನೆಗೆ ಕಾಲಿಡುವ ಹಾಗಿಲ್ಲ. ಬೆಳೆ ಕೆಡುತ್ತದೆ ಎಂದು ನಂಬಿಕೆ. ಪಕ್ಕದ ಮನೆ ಆವುಲಪ್ಪನ ಹೆಂಡತಿ ಬಂದು ಸೊಪ್ಪು ಹಾಕಿದಳು. ಮೇವು ಮುಗಿಸಿ ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಅವಳೇ ಬಿದಿರಿನ ಚಂದ್ರಿಕೆಗೆ ಬಿಟ್ಟಳು. ತನುಜ ಹಿತ್ತಲ ಬಾಗಿಲಲ್ಲಿ ನಿಂತು, ಹುಳು ಸೊಪ್ಪು ತಿನ್ನುವ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ಬೇರೆ ಏನೂ ಕೇಳಿಸುತ್ತಿರಲಿಲ್ಲ, ಏನೂ ಅನಿಸುತ್ತಲೂ ಇರಲಿಲ್ಲ. ಹಲ್ಲು ಕೀಳುವ ಮೊದಲು ಡಾಕ್ಟರು ಸೂಜಿ ಚುಚ್ಚಿದರೆ ದವಡೆ ಹೇಗಿರುತ್ತದೋ, ಅವಳ ಒಳಗೆಲ್ಲ ಹಾಗಿತ್ತು. ರಮೇಶ್‌ಬಾಬು ತಲೆ ಬೋಳಿಸಿಕೊಂಡು ಮಗುವಿನ ಹಾಗೆ ಅತ್ತ. ತನುಜ ಅವನ ಪಕ್ಕದಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸಿದಳು.

ಊರವರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ. ತಿಥಿಗೆ ಕೆಂಚಾರ್ಲಹಳ್ಳಿಯಿಂದ ಬಂದಿದ್ದ ಓಬಳಮ್ಮ, ಕದಿರಮ್ಮನ ತಂಗಿ, ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು: “ಅತ್ತೆ ಸತ್ತ ಆರು ತಿಂಗಳಿಗೆ ಸೊಸೆ ಕಣ್ಣಲ್ಲಿ ನೀರು ಬಂತಂತೆ. ನೋಡಣ ಬಿಡ್ರಮ್ಮ, ಇನ್ನೂ ಟೈಮೈತೆ.”

ಹೆಂಗಸರು ತಲೆ ಬಗ್ಗಿಸಿ ನಕ್ಕರು. ತನುಜ ಓಬಳಮ್ಮನ ಎಲೆಗೆ ಪಾಯಸ ಬಡಿಸಿದಳು. ಕೋಪ ಬರಬೇಕಿತ್ತು, ಅದೂ ಬರಲಿಲ್ಲ. ಬದಲಿಗೆ ಒಂದು ಅನುಮಾನ ಬಂದು ಕೂತಿತು: ಇವರು ಹೇಳುವುದೇ ನಿಜವೇನೋ. ಇಷ್ಟು ವರ್ಷ ಒಂದೇ ಜಗಲಿಯಲ್ಲಿ ಕೂತದ್ದು ಬರೀ ಅಭ್ಯಾಸವೇನೋ. ತನಗೆ ಅತ್ತೆಯ ಮೇಲೆ ಪ್ರೀತಿ ಇರಲೇ ಇಲ್ಲವೇನೋ. ಈ ಅನುಮಾನ ಅವಳನ್ನು ಬಿಡಲಿಲ್ಲ. ಒಂದು ಬೆಳೆ ಕಳೆಯಿತು, ಇನ್ನೊಂದು ಬೆಳೆ ಬಂತು. ರಮೇಶ್‌ಬಾಬು ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗಿ ಬಂದ. ಎಲ್ಲ ಕೆಲಸವನ್ನೂ ಕೈಗಳು ಮಾಡುತ್ತಿದ್ದವು, ತನುಜ ಎಲ್ಲೋ ದೂರ ನಿಂತು ನೋಡುತ್ತಿದ್ದಳು. ಒಬ್ಬಳೇ ಇದ್ದಾಗ ಅಳಲು ನೋಡಿದಳು. ಅತ್ತೆಯ ಸೀರೆಯನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಬಂದದ್ದು ಆಕಳಿಕೆ.

ಗುಂಪಿನಲ್ಲಿ ಯಾರಿಗೂ ಅವಳು ವಿಷಯ ತಿಳಿಸಿರಲಿಲ್ಲ. ಅವರು ಮಾತ್ರ ಕೇಳುತ್ತಲೇ ಇದ್ದರು: ಹಿಪ್ಪುನೇರಳೆ ಅವರೇ, ಮುಂದಿನ ಕಂತು ಯಾವಾಗ? ನಮ್ಮ ಅತ್ತೆ ಎಲ್ಲಿ? ಯುಗಾದಿ ಹತ್ತಿರ ಬರುತ್ತಿತ್ತು. ಆ ಮಧ್ಯಾಹ್ನ ತನುಜ ಅಡುಗೆಮನೆಯಲ್ಲಿ ಕೂತು ಬರೆದದ್ದು ನಾಲ್ಕೇ ಸಾಲು. ರತ್ನಪ್ರಭಾದೇವಿ ಏಳನೇ ಬಾಗಿಲ ಹೊಸಿಲ ಬಳಿ ಕೂತು ಕಾಫಿ ಕುಡಿಯುತ್ತಿದ್ದಳು. ಯಾಮಿನಿ ಒಳಗೆ ಹೋಗಿ ಬಂದಳು. ಅಷ್ಟರಲ್ಲಿ ಅತ್ತೆ ಸತ್ತಿದ್ದಳು. ಲೋಟ ಮಡಿಲಲ್ಲಿ ಉರುಳಿತ್ತು.

ಸಾರು ಕುದಿಯುವಷ್ಟರಲ್ಲಿ ಗುಂಪು ಹೊತ್ತಿಕೊಂಡಿತು. ಕಟ್ಟಳೆ ಮುರಿದರು ಎಂದರು. ನಂಬಿಸಿ ಕತ್ತು ಕುಯ್ದರು ಎಂದರು. ಒಬ್ಬಾಕೆ, “ಸಾಯ್ಸೋದಾದ್ರೂ ಸರಿಯಾಗಿ ಸಾಯ್ಸಬಾರದಾ? ಕಾಫಿ ಕುಡೀತಾ ಯಾರಾದ್ರೂ ಸಾಯ್ತಾರಾ?” ಎಂದು ಬರೆದಳು. ಇನ್ನೊಬ್ಬಾಕೆಗೆ ಕೊನೆಯ ಮಾತು ಒಂದಾದರೂ ಬೇಕಿತ್ತಂತೆ. ತನುಜ ಎಲ್ಲವನ್ನೂ ಓದಿದಳು, ಅನ್ನಕ್ಕೆ ಸಾರು ಕಲಸಿಕೊಂಡು ಉಂಡಳು.

ಸಂಜೆ ಶೈಲಜಾ ಬೇರೆಯಾಗಿ ಬರೆದಳು. ಬೈಯಲಿಲ್ಲ, ಒಳ್ಳೆಯ ಹೆಂಗಸು. ಅರ್ಧ ಜನ ನಿಮ್ಮ ಅತ್ತೆಗೋಸ್ಕರವೇ ಓದುವುದು, ಸಂಚಿಕೆ ಟೈಪ್ ಆಗುತ್ತಿದೆ, ಹೀಗೇ ಬಿಟ್ಟರೆ ಹಾಕಲು ಆಗುವುದಿಲ್ಲ, ದಯವಿಟ್ಟು ಬದುಕಿಸಿ ಕೊಡಿ ಎಂದಳು.

“ಆಯ್ತು ಮೇಡಂ, ಬದುಕಿಸ್ತೀನಿ” ಎಂದು ತನುಜ ಉತ್ತರ ಒತ್ತಿದಳು. ಒತ್ತಿ, ಅದನ್ನೇ ಸ್ವಲ್ಪ ಹೊತ್ತು ನೋಡಿದಳು.

ಬದುಕಿಸುವ ವಿದ್ಯೆ ಗುಂಪಿನಲ್ಲಿ ಎಲ್ಲರಿಗೂ ಕರತಲಾಮಲಕ. ಸತ್ತದ್ದು ಅವಳಿ ತಂಗಿ ಎನ್ನಬಹುದು, ಬೆಟ್ಟದ ಸ್ವಾಮಿಯೊಬ್ಬರು ಬೇರು ಅರೆದು ಕುಡಿಸಬಹುದು, ನಾಡಿ ನೋಡಿದ ಡಾಕ್ಟರೇ ತಪ್ಪಿದ ಎನ್ನಬಹುದು. ತನುಜ ಡಾಕ್ಟರನ್ನು ಹಿಡಿದಳು. ಹುಳು ಮತ್ತೆ ನಾಲ್ಕನೇ ಜ್ವರಕ್ಕೆ ಕೂತಿದ್ದ ದಿನ ಜಗಲಿಯ ಮೇಲೆ ಕೂತು ಬರೆದಳು. ರತ್ನಪ್ರಭಾದೇವಿಯ ಬೆರಳು ಅಲ್ಲಾಡಿತು, ಮನೆಯವರು ಓಡಿ ಬಂದರು, ಅವಳು ಕಣ್ಣು ಬಿಟ್ಟು ಯಾಮಿನಿಯನ್ನು ನೋಡಿದಳು. ಇಲ್ಲಿಯವರೆಗೆ ಸಲೀಸು. ಈಗ ಅವಳು ಏನಾದರೂ ಮಾತಾಡಬೇಕು.

ತನುಜ ಅಭ್ಯಾಸ ಬಲದಿಂದ ತಲೆ ಎತ್ತಿ ಎದುರಿಗೆ ನೋಡಿದಳು. ಗೋಡೆ ಇತ್ತು. ಗೋಡೆಯಲ್ಲಿ ತಲೆ ಒರಗಿಸಿ ಒರಗಿಸಿ ಆದ ಎಣ್ಣೆ ಕಲೆ ಇತ್ತು. ‘ಯಾಮಿನಿ, ನನ್ನನ್ನು ಕ್ಷಮಿಸು’ ಎಂದು ಒತ್ತಿದಳು. ಇದನ್ನು ಓದಿ ಹೇಳಿದ್ದರೆ ಕದಿರಮ್ಮ ಥೂ ಅನ್ನುತ್ತಿದ್ದಳು. ಅಳಿಸಿದಳು. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಬೆರಳು ತಾನಾಗಿ ಒಂದು ಸಾಲು ಒತ್ತಿತು, ತನುಜ ತಿರುಗಿ ಓದದೆ ಕಳಿಸಿಬಿಟ್ಟಳು.

ಶೈಲಜಾ ಅವತ್ತೇ ಫೋನು ಮಾಡಿದಳು. ಹಿಂದೆ ಜೆರಾಕ್ಸ್ ಮಿಷನ್ನಿನ ಸದ್ದು ಕೇಳುತ್ತಿತ್ತು.

“ಏನು ಹಿಪ್ಪುನೇರಳೆಯವರೇ, ಸತ್ತು ಎದ್ದೋಳು ಕಣ್ಣು ಬಿಟ್ಟು, ‘ಹುಳ ಎದ್ವೇನಮ್ಮ’ ಅಂತ ಕೇಳ್ತಾಳಲ್ಲ? ಏಳು ಬಾಗಿಲ ಮನೇಲಿ ಹುಳ ಎಲ್ಲಿಂದ ಬಂತು? ತೆಗೆದುಬಿಡ್ಲಾ ಆ ಸಾಲು?”

“ಬೇಡ ಮೇಡಂ. ಅದು ನಮ್ಮತ್ತೆ ಕೇಳಿದ್ದು.”

“ರತ್ನಪ್ರಭಾದೇವಿನಾ?”

“ಅಲ್ಲ. ನಮ್ಮನೆ ಅತ್ತೆ. ದಸರಾ ಆದ್ಮೇಲೆ. ಕಾಫಿ ಕುಡೀತಾ ಇದ್ರು.”

ಶೈಲಜಾ ಯಾರಿಗೋ ಮಿಷನ್ ನಿಲ್ಲಿಸಲು ಹೇಳಿದಳು. ಸದ್ದು ನಿಂತಿತು. ಕಾಫಿ, ಹೊಸಿಲು, ಉರುಳಿದ ಲೋಟ, ಎಲ್ಲವನ್ನೂ ಅವಳು ಒಂದೊಂದಾಗಿ ಜೋಡಿಸಿಕೊಳ್ಳುತ್ತಿರಬೇಕು.

“ಯಾಕಮ್ಮ ನಮಗೊಂದು ಮಾತು ಹೇಳ್ಲಿಲ್ಲ?” ಎಂದಳು. ಮೇಡಂ ಎನ್ನಿಸಿಕೊಳ್ಳುವವಳ ದನಿ ಅಕ್ಕನ ದನಿಯಾಗಿತ್ತು.

“ಗುಂಪಲ್ಲಿ ಯಾರೂ ಸಾಯಬಾರದಲ್ವಾ” ಎಂದಳು ತನುಜ. ವ್ಯಂಗ್ಯವಾಗಿ ಅಂದದ್ದಲ್ಲ. ಕಟ್ಟಳೆ ಇದ್ದದ್ದೇ ಹಾಗೆ.

ಶೈಲಜಾ ತನಗೆ ಗೊತ್ತಿದ್ದ ಕೆಲಸಕ್ಕೇ ಇಳಿದಳು. “ಸಾಲು ಇರ್ಲಿ, ನಾನು ತೆಗೆಯಲ್ಲ. ಆದ್ರೆ ತನುಜ, ಅತ್ತೆ ಕೇಳ್ತಾರೆ, ಯಾಮಿನಿ ಏನೂ ಹೇಳೋದೇ ಇಲ್ಲ. ಕತೆ ಅಲ್ಲೇ ನಿಂತುಬಿಟ್ಟಿದೆ. ಒಂದು ಉತ್ತರ ಬೇಕಲ್ವಾ? ನೀವು ಹೇಳಿ, ನಾನೇ ಟೈಪ್ ಮಾಡ್ಕೋತೀನಿ.”

ತನುಜ ಬಾಯಿ ತೆರೆದಳು. “ಎದ್ದಿವೆ ಅತ್ತೆ” ಎಂದಳು.

ಅಷ್ಟು ಅಂದದ್ದೇ, ಅಳು ಬಂತು. ಎಲ್ಲಿತ್ತೋ, ಹಿತ್ತಲಿನಿಂದ ಆವುಲಪ್ಪನ ಹೆಂಡತಿ ಓಡಿ ಬರುವಷ್ಟು ಜೋರಾಗಿ ಬಂತು. ಫೋನು ಕಿವಿಗೆ ಒತ್ತಿಕೊಂಡೇ ತನುಜ ಆ ಎಣ್ಣೆ ಕಲೆಯ ಗೋಡೆಗೆ ಹೇಳಿದಳು. “ಎಲ್ಲಾ ಎದ್ದಿವೆ ಅತ್ತೆ. ಸೊಪ್ಪು ಹಾಕ್ತೀನಿ. ನೀವು ಕಾಫಿ ಕುಡೀರಿ.” ಆ ಕಡೆ ಗೌರಿಬಿದನೂರಿನಲ್ಲಿ ಶೈಲಜಾ ಕೀಲಿಮಣೆ ಒತ್ತುತ್ತಿದ್ದದ್ದು ಕೇಳಿಸುತ್ತಿತ್ತು, ಅವಳು ಮೂಗು ಎಳೆದುಕೊಳ್ಳುತ್ತಿದ್ದದ್ದೂ.

ದಸರಾದಿಂದ ಯುಗಾದಿಗೆ ಆರು ತಿಂಗಳು. ಓಬಳಮ್ಮ ಕೊಟ್ಟಿದ್ದ ವಾಯಿದೆಗೆ ಸರಿಯಾಗಿ ಸೊಸೆ ಅತ್ತಿದ್ದಳು. ಆ ಗಾದೆ ಕಟ್ಟಿದವರು ಅಣಕಕ್ಕೆ ಕಟ್ಟಿದರೆಂದೇ ನಾವು ತಿಳಿದಿದ್ದೇವೆ. ಯಾರೋ ಪಾಪ, ತಮ್ಮ ಮನೆಯಲ್ಲಿ ಕಂಡದ್ದನ್ನು ಇದ್ದ ಹಾಗೆ ಹೇಳಿರಲೂಬಹುದು.

ತನುಜ ಮುಖ ತೊಳೆದುಕೊಂಡು ಹುಳುಮನೆಗೆ ಹೋದಳು. ಅಲ್ಲಿ ಹುಳು ಇನ್ನೂ ಜ್ವರದಲ್ಲೇ ಕೂತಿದ್ದವು, ಒಂದೂ ಎದ್ದಿರಲಿಲ್ಲ. ಅವಳು ಅವು ಏಳುವ ತನಕ ಅಲ್ಲೇ ಕೂತಳು.