ಮಂಚದವರೆಗೆ ಬಂದ ಚೆಲ್ಲೋ

ಕೋವಿಡ್ ಕಾಲ ಕಳೆದ ಮರುವರ್ಷದ ಮಾತು. ಹರಿಹರದ ಮೆಷಿನ್ ಟೂಲ್ ಕಾರ್ಖಾನೆಯೊಂದರ ಟೆಸ್ಟಿಂಗ್ ವಿಭಾಗದಿಂದ ನಿವೃತ್ತನಾಗಿ, ದಾವಣಗೆರೆಯ ವಿನೋಬನಗರದ ಮನೆ ಮುಂದೆ ಶೆಡ್ಡು ಹಾಕಿ ಲೋಹವನ್ನು ತಿರುಗಿಸಿ ಕಡೆಯುವ ಸಣ್ಣ ಲೇತ್ ಯಂತ್ರವೊಂದನ್ನು ಇಟ್ಟುಕೊಂಡಿದ್ದೆ. ಸುಮ್ಮನೆ ಕೂತರೆ ಇವರು ಅಡುಗೆಮನೆಗೆ ಬಂದು ತಪ್ಪು ಹುಡುಕುತ್ತಾರೆಂದು ಹೆಂಡತಿಯೇ ಹಟ ಹಿಡಿದು ಹಾಕಿಸಿದ ಶೆಡ್ಡು ಅದು. ಪಂಪಿನ ಶಾಫ್ಟು, ಗಿರಣಿಯ ಬುಷ್ಷು ಇಂಥವು ರಿಪೇರಿಗೆ ಬರುತ್ತಿದ್ದವು.

ಕಾರ್ಖಾನೆಯಲ್ಲಿ ನನ್ನ ಕೆಲಸವೆಂದರೆ ನಡುಕದ ಜೊತೆ ಗುದ್ದಾಟ. ಯಂತ್ರ ಓಡುವಾಗ ಟೂಲು ಅದುರಿದರೆ ಲೋಹದ ಮೇಲೆ ಅಲೆಯಂಥ ಗೆರೆಗಳು ಬೀಳುತ್ತವೆ. ಆ ಅದುರನ್ನು ಭಾರದಿಂದಲೋ ರಬ್ಬರಿನಿಂದಲೋ ನುಂಗಿಸುವುದಕ್ಕೆ ಡ್ಯಾಂಪಿಂಗ್ ಎನ್ನುತ್ತೇವೆ. ಯಂತ್ರದೊಳಗೆ ಏನಾಗುತ್ತಿದೆ ಎಂದು ತಿಳಿಯಲು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ ಕೇಳುವುದು ನಮ್ಮವರ ಹಳೆಯ ರೂಢಿ. ಮೀಟರುಗಳು ಬಂದ ಮೇಲೂ ನಾನು ಅದನ್ನು ಬಿಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಶೆಡ್ಡಿನ ಮುಂದೆ ಆಟೋ ನಿಂತಿತು. ಇಳಿದವರು ನನ್ನ ಮಗಳಿಗೆ ಹರಿಹರದಲ್ಲಿ ಪಾಠ ಹೇಳಿದ ಸ್ಟೆಲ್ಲಾ ಟೀಚರ್. ಜೊತೆಗೆ ಆಳೆತ್ತರದ ಕಪ್ಪು ಪೆಟ್ಟಿಗೆ, ಅದರೊಳಗೆ ಅವರು ಚರ್ಚಿನಲ್ಲಿ ನುಡಿಸುವ ಚೆಲ್ಲೋ. ನೋಡಲು ಪಿಟೀಲಿನಂತೆಯೇ, ಆದರೆ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಕುರ್ಚಿಯಲ್ಲಿ ಕೂತು ಮೊಣಕಾಲುಗಳ ನಡುವೆ ಹಿಡಿದು ನುಡಿಸುತ್ತಾರೆ. ಅದರ ಬುಡದಿಂದ ಹೊರಬರುವ ಉಕ್ಕಿನ ಕಡ್ಡಿ, ಅಂದರೆ ಎಂಡ್‌ಪಿನ್, ನೆಲಕ್ಕೆ ಊರಿಕೊಂಡು ಭಾರ ಹೊರುತ್ತದೆ.

“ಮೊಣಕಾಲು ಆಪರೇಷನ್ ಆದಮ್ಯಾಲೆ ಗಟ್ಟಿಯಾಗಿ ಹಿಡಿಯಾಕ ಆಗ್ತಿಲ್ಲ ಸರ್,” ಎಂದರು. “ಟೈಲ್ಸ್ ಮ್ಯಾಲೆ ಕಡ್ಡಿ ಜಾರತೈತೆ. ಕಾರ್ಪೆಟ್ ಹಾಕಿದ್ರ ಕಾರ್ಪೆಟ್ಟೂ ಜೊತಿಗೆ ಹೊರಡ್ತೈತೆ.”

ಅವಸರವಿದ್ದದ್ದು ಚರ್ಚಿಗಾಗಿ ಅಲ್ಲ, ಅವರ ಅಕ್ಕ ಆಗ್ನೆಸ್‌ಗಾಗಿ. ದಾವಣಗೆರೆಯಲ್ಲಿ ನರ್ಸ್ ಆಗಿದ್ದ ಆಗ್ನೆಸ್, ತಾಯಿ ಇಲ್ಲದ ತಂಗಿಯನ್ನು ಸಾಕಿ, ಚೆಲ್ಲೋ ಕಲಿಸಿದವರು. ವಯಸ್ಸಾಗಿ ಅವರ ಕಿವಿ ಹೋಯಿತು. ಆಮೇಲೂ ದಿನಾ ಸಂಜೆ ತಂಗಿಯ ಪಕ್ಕ ಕೂತು, ವಾದ್ಯದ ಮೈಗೆ ಅಂಗೈ ಒತ್ತಿ ಕೇಳುತ್ತಿದ್ದರಂತೆ. ಈಗ ಹಾಸಿಗೆ ಹಿಡಿದಿದ್ದರು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು.

“ಕೈ ಎತ್ತಿ ಮುಟ್ಟಾಕೂ ಆಗಲ್ಲ ಅಕ್ಕಗೆ. ಜೋರಾಗಿ ನುಡಿಸಿದ್ರ ಒಂಚೂರು ಗೊತ್ತಾಗ್ತೈತೆ ಅಂತಾಳೆ. ಜೋರು ಮಾಡಿದ ಕೂಡ್ಲೇ ಇದು ಜಾರತೈತೆ. ಅಕಿ ಹೋಗೋದ್ರೊಳಗೆ ಒಂದ್ ಹಾಡು ಪೂರ್ತಿ ಕೇಳಿಸ್ಬೇಕು ಸರ್.”

ಇದು ನನ್ನ ಎಡಗೈ ಕೆಲಸ ಅಂದುಕೊಂಡೆ. ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರದ ಬೀಡುಕಬ್ಬಿಣದ ತಟ್ಟೆಯೊಂದನ್ನು ಲೇತ್‌ನಲ್ಲಿ ಕಡೆದೆ. ಅಡಿಗೆ ದಪ್ಪ ರಬ್ಬರ್ ಅಂಟಿಸಿದೆ. ಕಡ್ಡಿಯ ತುದಿ ಕೂರುವ ಗುಳಿಗೂ ರಬ್ಬರ್ ಹಾಕಿದೆ. ಲೇತ್ ಹೂಡುವಾಗ ಹೀಗೇ ಮಾಡುತ್ತಿದ್ದೆವು. ಹೊರಡುವ ಮುಂಚೆ ಹೆಂಡತಿಯನ್ನು ಕರೆದು ತೋರಿಸಿ, ಕಾಲಿನಿಂದ ಒದ್ದು ನೋಡು ಎಂದೂ ಹೇಳಿದೆ.

ಹರಿಹರದ ಅವರ ಮನೆಯಲ್ಲಿ ಆಗ್ನೆಸ್ ಹಳೆಯ ತೇಗದ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಟೀಚರ್ ಕೂತು ಕಮಾನು ಎಳೆದರು. ಚೆಲ್ಲೋ ಒಂದು ಕೂದಲೆಳೆಯಷ್ಟೂ ಕದಲಲಿಲ್ಲ. ನಾನು ಗೋಡೆಗೆ ಒರಗಿ ಮೀಸೆ ಸವರಿಕೊಂಡೆ. ಹಾಡು ಅರ್ಧಕ್ಕೆ ಬಂದಿರಬೇಕು, ಆಗ್ನೆಸ್ ಕಣ್ಣು ಬಿಡದೆಯೇ ಕೇಳಿದರು:

“ಯಾಕ ಸ್ಟೆಲ್ಲಾ, ಇನ್ನೂ ಶುರು ಮಾಡಲಿಲ್ಲೇನು?”

ಕಮಾನು ನಿಂತಿತು. ಟೀಚರ್ ನನ್ನ ಕಡೆ ನೋಡಲಿಲ್ಲ. ನನಗೆ ಬೇಜಾರಾಗಬಾರದೆಂದು ತಡೆದುಕೊಂಡಿದ್ದ ಮಾತನ್ನು ಆಮೇಲೆ ಮೆಲ್ಲಗೆ ಹೇಳಿದರು: “ಮೊದಲಿನಷ್ಟು ಸೌಂಡ್ ಇಲ್ಲ ಸರ್. ಬಾಯಿಗೆ ಬಟ್ಟೆ ಕಟ್ಟಿದಂಗ ಐತೆ.”

ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ತಟ್ಟೆಯ ಮೇಲಿಟ್ಟು ಕಿವಿಗೊತ್ತಿ, ನುಡಿಸಲು ಹೇಳಿದೆ. ಏನೂ ಇಲ್ಲ. ನನ್ನ ಡ್ಯಾಂಪಿಂಗ್ ಕೆಲಸ ಅಚ್ಚುಕಟ್ಟಾಗಿತ್ತು. ತಂತಿಯ ಅದುರು ಕಡ್ಡಿಯಲ್ಲಿ ಇಳಿದು ಬಂದು ರಬ್ಬರಿನಲ್ಲಿ ಸಾಯುತ್ತಿತ್ತು. ಯಂತ್ರದಲ್ಲಿ ಯಾವುದನ್ನು ಕೊಲ್ಲಬೇಕಿತ್ತೋ, ಇಲ್ಲಿ ಅದೇ ಹಾಡು. ಆ ಹೆಂಗಸಿನ ಉಳಿದ ದಿನಗಳಲ್ಲಿ ಒಂದನ್ನು ಹಾಳು ಮಾಡಿದೆನಲ್ಲ ಎಂದು ನನಗೆ ನಾಚಿಕೆಯಾಯಿತು. ದಾವಣಗೆರೆಗೆ ಮರಳುವ ಬಸ್ಸಿನಲ್ಲಿ ಆ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಎರಡನೇ ಸಲ ಕೆಲಸವನ್ನು ತಲೆಕೆಳಗು ಮಾಡಿದೆ. ಬರುವಾಗ ಅಳತೆಗೆಂದು ಚೆಲ್ಲೋದ ಹಳೆಯ ಕಡ್ಡಿಯನ್ನೂ ಬಿಚ್ಚಿ ತಂದಿದ್ದೆ, ಅದು ತನ್ನ ತೂತಿನಲ್ಲಿ ಸಡಿಲಾಗಿತ್ತು. ಗಟ್ಟಿ ಉಕ್ಕಿನಲ್ಲಿ ಹೊಸದನ್ನು ಕಡೆದು, ಅಲುಗದೆ ಕೂರುವಂತೆ ಮಾಡಿ, ತುದಿಯನ್ನು ಚೂಪು ಮಾಡಿದೆ. ಹರಿಹರದ ಹತ್ತಿರದ ಸಾರಥಿ ಹಳ್ಳಿಯಲ್ಲಿ ಪರಿಚಯದ ರೈತರೊಬ್ಬರು ಮನೆ ಬಾಗಿಲು ಬದಲಾಯಿಸಿದ್ದರು. ಹಳೆಯ ಬಾಗಿಲಿನ ಚೆನ್ನಾಗಿ ಒಣಗಿದ ಹೊನ್ನೆ ಮರದ ಹಲಗೆಯನ್ನು ಕೇಳಿ ತಂದು, ಅಡಿ ಟೊಳ್ಳಿರುವಂತೆ ಎರಡು ಪಟ್ಟಿಗಳ ಮೇಲೆ ಮೊಳೆ ಹೊಡೆದು ಕೂರಿಸಿದೆ. ಹಲಗೆಯ ಒಂದು ತುದಿಯ ಗುಳಿಗಳಲ್ಲಿ ಕುರ್ಚಿಯ ಮುಂಗಾಲು ಕೂರುತ್ತಿದ್ದವು. ಟೀಚರರ ಭಾರವೇ ಅದನ್ನು ಜಾರಗೊಡುತ್ತಿರಲಿಲ್ಲ. ನಡುವೆ ಕಡ್ಡಿಗೊಂದು ಗುಳಿ. ರಬ್ಬರ್ ಎಲ್ಲೂ ಇಲ್ಲ.

ಹಲಗೆಯನ್ನು ಬೇಕೆಂದೇ ಉದ್ದವಾಗಿ ಬಿಟ್ಟಿದ್ದೆ. ಹರಿಹರಕ್ಕೆ ಒಯ್ದು, ಹೊಸ ಕಡ್ಡಿಯನ್ನು ಚೆಲ್ಲೋಗೆ ಹಾಕಿ, ಹಲಗೆಯ ಇನ್ನೊಂದು ತುದಿಯನ್ನು ಆಗ್ನೆಸ್ ಅವರ ಮಂಚದ ಕಾಲಿನಡಿ ಸೇರಿಸಿದೆ. ಮಂಚದ ಉಳಿದ ಕಾಲುಗಳಿಗೂ ಕುರ್ಚಿಯ ಹಿಂಗಾಲುಗಳಿಗೂ ಅಷ್ಟೇ ಎತ್ತರದ ಮರದ ಚೂರು ಕೊಟ್ಟೆ.

“ಮಂಚ ಯಾಕ್ರಿ ಎತ್ತಾಕಹತ್ತೀರಿ?” ಟೀಚರ್ ಗಾಬರಿಯಾದರು.

“ನೀವು ಕೂಡ್ರಿ, ನುಡಿಸ್ರಿ,” ಎಂದೆ.

ಮಂಚದ ಪಟ್ಟಿಗೆ ಸ್ಕ್ರೂಡ್ರೈವರ್ ಊರಿ ಕಿವಿಗೊಟ್ಟೆ. ಹಾಡು ಕಿವಿಯೊಳಗೇ ಬಂದು ಕೂತಿತು. ಹಾಸಿಗೆಯ ಮೇಲಿದ್ದ ಆಗ್ನೆಸ್ ಅವರ ಕೈಯನ್ನು ತೆಗೆದು, ಅಂಗೈ ಕೆಳಗಾಗಿ ಆ ಪಟ್ಟಿಯ ಮೇಲಿಟ್ಟೆ. ಬೆರಳುಗಳು ಒಮ್ಮೆ ಬೆದರಿದಂತೆ ಎದ್ದು, ಮತ್ತೆ ಇಳಿದು ಮರವನ್ನು ಹಿಡಿದುಕೊಂಡವು. ಹಾಡು ಅರ್ಧಕ್ಕೆ ಬಂದಾಗ ಆಗ್ನೆಸ್ ಹುಬ್ಬು ಗಂಟಿಕ್ಕಿದರು.

“ಅಲ್ಲಿ ಯಾಕ ಓಡ್ತೀಯ? ಸಣ್ಣಾಕಿ ಇದ್ದಾಗಿಂದ ಅದೇ ಚಾಳಿ. ನಿಧಾನ ನುಡಿಸು, ನಾನೆಲ್ಲೂ ಹೋಗಲ್ಲ.”

ಟೀಚರ್ ಅಳುತ್ತಲೇ ಮೊದಲಿನಿಂದ ಶುರು ಮಾಡಿ, ಹಾಡನ್ನು ಮುಗಿಸಿದರು. ಚೆಲ್ಲೋ ಕದಲಲಿಲ್ಲ. ನಾನು ಹಲಗೆಯನ್ನು ಪರೀಕ್ಷಿಸುವ ನೆಪದಲ್ಲಿ ಬಗ್ಗಿ ಕಣ್ಣು ಒರೆಸಿಕೊಂಡೆ.

ಕೆಲವು ವಾರ ಆ ಮನೆಯಲ್ಲಿ ಸಂಜೆಯ ಪಾಠ ಹಾಗೇ ನಡೆಯಿತು. ನಂತರ ಆಗ್ನೆಸ್ ತೀರಿಕೊಂಡರು.

ಇವತ್ತು ಯಾರಾದರೂ ನನ್ನ ಶೆಡ್ಡಿಗೆ ಬಂದು ಇದನ್ನು ಅಲುಗದಂತೆ ಮಾಡಿಕೊಡಿ ಎಂದರೆ, ಅಳತೆ ತೆಗೆಯುವ ಮೊದಲು ಅದು ಯಾರಿಗೆ ಏನನ್ನು ತಲುಪಿಸಬೇಕು ಎಂದು ಕೇಳುತ್ತೇನೆ. ಇಷ್ಟನ್ನು ಕಲಿಯಲು ನನಗೆ ಇಡೀ ನೌಕರಿ ಸಾಲದೆ, ನಿವೃತ್ತಿಯೂ ಬೇಕಾಯಿತು.

ಅಂತ್ಯಕ್ರಿಯೆಯ ದಿನ ಆ ಹಲಗೆಯನ್ನು ಚರ್ಚಿಗೆ ಹೊತ್ತು ತಂದಿದ್ದರು. ಟೀಚರ್ ಅದೇ ಹಾಡು ನುಡಿಸಿದರು. ಮಂಚದ ಕಾಲು ಕೂರುತ್ತಿದ್ದ ಹಲಗೆಯ ಆ ಕಡೆಯ ತುದಿ ಖಾಲಿ ಬಿದ್ದಿದ್ದು ನನಗೆ ನೋಡಲಾಗಲಿಲ್ಲ. ಚಪ್ಪಲಿ ಬಿಟ್ಟು ಅದರ ಮೇಲೊಂದು ಪಾದವಿಟ್ಟು ನಿಂತೆ. ಹಾಡಿನಲ್ಲಿ ಟೀಚರ್ ಓಡುತ್ತಿದ್ದ, ಅಕ್ಕ ಗದರಿದ್ದ ಆ ಜಾಗ ಬಂತು. ಈ ಸಲ ಅವರು ನಿಧಾನವಾದದ್ದು ನನ್ನ ಅಂಗಾಲಿಗೆ ತಿಳಿಯಿತು.