ಸ್ಟಾಶು ಕೆಲಸಕ್ಕೆ ಸೇರಿದ್ದು

ಡೊಲೋರಸ್ ಹ್ರಿಂಕೊ ಮಡಿಸಿದ ಪಿರೋಗಿ ಕಡುಬು ಕುದಿಯುವ ನೀರಿನಲ್ಲಿ ಬಾಯಿ ಬಿಡುತ್ತದೆ ಎಂಬುದು ಚರ್ಚಿನ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆಲೂಗಡ್ಡೆ, ಚೀಸಿನ ಹೂರಣವನ್ನು ಕಂಠಮಟ್ಟ ತುಂಬುವುದು ಅವಳ ಚಾಳಿ. ಪೆನ್ಸಿಲ್ವೇನಿಯಾದ ಆ ಗಣಿಯೂರಿನ ಹೆಂಗಸರು ಗುರುವಾರ ಪಿರೋಗಿ ಮಡಿಸಿ ಶುಕ್ರವಾರ ಚರ್ಚಿಗಾಗಿ ಮಾರುತ್ತಿದ್ದರು. ಪಾತ್ರೆಯ ಮುಂದೆ ನಿಂತ ಯಜಮಾನಿ ಬರ್ನಡೀನ್ ವಾಸ್ಕೊ ಜರಡಿ ಸೌಟು ಎತ್ತಿ ಕೂಗುತ್ತಿದ್ದಳು: "ಲೇ ಡೊಲೋರಸ್, ನಿಂದು ಬಾಯಿ ಬಿಡ್ತು ನೋಡೇ, ಥೇಟ್ ನಿನ್ನ ಹಂಗೇ!"

ಒಂದು ಗುರುವಾರ, ಏನೂ ಕಾರಣವಿಲ್ಲದೆ, ಡೊಲೋರಸ್‌ಳ ಎದೆ ನಗಾರಿಯಾಯಿತು. ಕೈ ಮರಗಟ್ಟಿತು, ಉಸಿರು ಸಿಕ್ಕಿಹಾಕಿಕೊಂಡಿತು. ಸತ್ತೇ ಹೋದೆ ಅಂದುಕೊಂಡು ಕೋಟನ್ನೂ ಬಿಟ್ಟು ಮೆಟ್ಟಿಲು ಹತ್ತಿ ಓಡಿದಳು. ಹೃದಯ ಗಟ್ಟಿಯಾಗಿದೆ, ಇದು ಮನಸ್ಸಿನ ದಿಗಿಲು ಎಂದರು ಡಾಕ್ಟರು. ಆಮೇಲೆ ಹದಿನಾಲ್ಕು ತಿಂಗಳಲ್ಲಿ ಮೂರು ಸಲ ಆ ಮೆಟ್ಟಿಲ ತನಕ ಬಂದಳು, ಮೂರು ಸಲವೂ ಹಿಂದಿರುಗಿದಳು.

ದಿಗಿಲಿಗಿಂತ ಅವಳನ್ನು ಹೆಚ್ಚು ಹೆದರಿಸಿದ್ದು ಗೆಳತಿಯರು ತೋರಿಸಿದ ಮರ್ಯಾದೆ. ಅಂಗಡಿಯಲ್ಲಿ ಸಿಕ್ಕ ಬರ್ನಡೀನ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿಸಿದಳು: "ಹೇಗಿದ್ದೀಯಮ್ಮಾ? ಚೆನ್ನಾಗಿ ರೆಸ್ಟ್ ತಗೋಮ್ಮಾ." ಬರ್ನಡೀನ್ ಹಾಗೆ ಮೆತ್ತಗೆ ಮಾತಾಡುತ್ತಿದ್ದದ್ದು ಹೆಣ ಮಲಗಿಸಿದ ಕೋಣೆಯಲ್ಲಿ ಮಾತ್ರ. ಡೊಲೋರಸ್ ಮನೆಗೆ ಬಂದು ಅತ್ತಳು. ಅವಳಿಗೆ ಬೇಕಾಗಿದ್ದದ್ದು ಮೇಜಿನ ಬಳಿ ತನ್ನ ಕುರ್ಚಿ, ಮತ್ತು ಹೊಟ್ಟೆ ತುಂಬ ಬೈಗುಳ.

ದಿಗಿಲು ಏಳುವ ಮೊದಲೇ ಗುರುತಿಸಿ ಮೈಮೇಲೆ ಭಾರ ಹಾಕಿ ಕೂರುವ ನಾಯಿಗಳಿವೆ, ಮನೆಯ ನಾಯಿಗೂ ನೀವೇ ಕಲಿಸಬಹುದು ಎಂದರು ಡಾಕ್ಟರು. ಮನೆಯಲ್ಲಿದ್ದದ್ದು ಸ್ಟಾಶು. ಉದ್ದ ಕಿವಿ, ಗಿಡ್ಡ ಕಾಲು, ತಳವಿಲ್ಲದ ಹೊಟ್ಟೆ. ಹಿಂದಿನ ಈಸ್ಟರಿನಲ್ಲಿ ಪಾದ್ರಿಗಳ ಆಶೀರ್ವಾದಕ್ಕೆ ಕಟ್ಟಿಟ್ಟ ಬುಟ್ಟಿಯಿಂದ ಇಡೀ ಸಾಸೇಜನ್ನೂ ಬೆಣ್ಣೆಯಿಂದ ಕಡೆದ ಕುರಿಮರಿ ಗೊಂಬೆಯ ತಲೆಯನ್ನೂ ಮುಗಿಸಿದ ಮಹಾನುಭಾವ.

ಡೊಲೋರಸ್ ಅಡುಗೆಮನೆಯಲ್ಲಿ ಕೂತು ಬೇಕೆಂದೇ ಕಾಲು ನಡುಗಿಸುವಳು, ಏದುಸಿರು ಬಿಡುವಳು. ಸ್ಟಾಶು ಬಂದು ಗದ್ದವನ್ನು ತೊಡೆಯ ಮೇಲೆ ಒತ್ತಿಟ್ಟರೆ ಸಾಸೇಜಿನ ಚೂರು. ಎರಡೇ ವಾರದಲ್ಲಿ ಕಲಿತ. ಕಲಿತದ್ದು ಹೆಚ್ಚೇ ಆಯಿತು. ಫುಟ್‌ಬಾಲ್ ನೋಡುತ್ತ ಕಾಲು ಕುಣಿಸುವ ಗಂಡ ಎಮಿಲ್‌ನ ತೊಡೆಗೂ ಹೋಗಿ ಬಿದ್ದ.

"ನಂಗೇನಾಗಿದ್ಯೇ? ಯಾಕಿದು ನನ್ನ ಮೇಲೆ ಬೀಳತ್ತೆ?"

"ನಿಂಗೆ ನಿನ್ನ ಟೀಮ್ ಸೋಲೋ ಕಾಯಿಲೆ. ಸುಮ್ನೆ ಕೂತ್ಕೊ, ವಾಸಿ ಮಾಡ್ತಾನೆ."

ಕಷ್ಟವಾದದ್ದು "ಬಿಡು" ಎಂಬ ಪಾಠ. ನೆಲಕ್ಕೆ ಬಿದ್ದ ತಿಂಡಿ ಮುಟ್ಟುವ ನಾಯಿ ಕೆಲಸಕ್ಕಾಗದು. ಅದಕ್ಕೆ ಎಂಟು ತಿಂಗಳು ಹಿಡಿಯಿತು. ಆಗಲೂ ಚೀಸ್ ಕಂಡರೆ ಅವನ ಓದೆಲ್ಲ ಮರೆತುಹೋಗುತ್ತಿತ್ತು. "ನಾಯಿ ಬಾಲಕ್ಕೆ ಕೊಳವೆ ಕಟ್ತಿದ್ದೀಯ," ಎಂದು ಎಮಿಲ್ ನಗುತ್ತಿದ್ದ. ಆದರೂ ಪಾಠಕ್ಕೆಂದು ನೆಲಕ್ಕೆ ಹಾಕಲು ಪ್ರತಿ ಬೆಳಿಗ್ಗೆ ಆಲೂಗಡ್ಡೆ ಬೇಯಿಸಿಕೊಟ್ಟವನು ಅವನೇ.

ಈಸ್ಟರಿಗೆ ಮುಂಚಿನ ಉಪವಾಸದ ಮೊದಲ ಗುರುವಾರ, "ಕೆಲಸದಲ್ಲಿದ್ದೇನೆ, ಮುಟ್ಟಬೇಡಿ" ಎಂದು ಬರೆದ ಕೆಂಪು ಕವಚ ತೊಟ್ಟ ಸ್ಟಾಶುವಿನ ಜೊತೆ ಡೊಲೋರಸ್ ಆ ಹನ್ನೆರಡು ಮೆಟ್ಟಿಲು ಇಳಿದಳು. ಚರ್ಚಿನ ಅಡುಗೆಮನೆಗೆ ನಾಯಿ ಬರಕೂಡದಲ್ಲ, ಹಾಗಾಗಿ ಸುದ್ದಿ ತಿಳಿದ ಬರ್ನಡೀನ್ ಮುಂಚೆಯೇ ಪಿರೋಗಿ ಮಡಿಸುವ ಮೇಜನ್ನು ಪಕ್ಕದ ಊಟದ ಕೋಣೆಗೆ ಎಳೆಸಿದ್ದಳು. ಹೆಂಗಸರು ಅಕ್ಷರಶಃ ಪಾಲಿಸಿದರು, ಯಾರೂ ಮುಟ್ಟಲಿಲ್ಲ, ಮಾತಾಡಿಸಿದರು ಅಷ್ಟೆ. "ಏನೋ ಸ್ಟಾಶು, ನೌಕರಿ ಸಿಕ್ತಂತೆ? ಸಂಬಳ ಎಷ್ಟೋ?"

ಬರ್ನಡೀನ್ ಮಾತ್ರ ಅದೇ ಹೆಣದ ಕೋಣೆಯ ದನಿಯಲ್ಲಿ, "ನೀನೇನೂ ಮಾಡ್ಬೇಡಮ್ಮಾ, ಸುಮ್ನೆ ಕೂತಿರು ಸಾಕು," ಎಂದು ಒಳಗೆ ಹೋದಳು. ಡೊಲೋರಸ್ ಹಟದಿಂದ ಮಡಿಸತೊಡಗಿದಳು.

ಇಪ್ಪತ್ತು ನಿಮಿಷವಾಗಿರಬೇಕು. ಬೆರಳ ತುದಿ ಜುಮ್ಮೆಂದಿತು. ಕೈಯಿಂದ ಜಾರಿದ ಹೂರಣದ ಉಂಡೆಯೊಂದು ಸ್ಟಾಶುವಿನ ಮೂಗಿನ ಮುಂದೆಯೇ ಬಿತ್ತು. ಅದೇ ಹೊತ್ತಿಗೆ ಅವಳ ಕಾಲು ನಡುಗತೊಡಗಿತು, ಈ ಸಲ ನಟನೆಯಲ್ಲ. ಸ್ಟಾಶು ಉಂಡೆ ನೋಡಿದ. ಕಾಲು ನೋಡಿದ. ಮತ್ತೆ ಉಂಡೆ ನೋಡಿದ. ಜೊಲ್ಲು ನೆಲ ಮುಟ್ಟಿತು. ಅವಳಿಗೆ "ಬಿಡು" ಎನ್ನಲೂ ಉಸಿರಿರಲಿಲ್ಲ.

ತೊಡೆಯ ಮೇಲೆ ಭಾರ ಬಿತ್ತು. ಗದ್ದ, ಎರಡು ಪಾದ, ಆಮೇಲೆ ಇಡೀ ಎದೆ. ಡೊಲೋರಸ್ ಉದ್ದ ಕಿವಿಯನ್ನು ಹಿಡಿದುಕೊಂಡು ಮೆಟ್ಟಿಲ ಕಡೆ ನೋಡಿದಳು. ಏಳಲಿಲ್ಲ. ಅವನ ಉಸಿರು ಎಣಿಸಿದಳು. ನೂರಾ ನಲವತ್ತು ಆಗುವಷ್ಟರಲ್ಲಿ ತನ್ನ ಉಸಿರು ತನಗೆ ಸಿಕ್ಕಿತು. ಎದ್ದು ಕೈ ತೊಳೆದು ಬಂದು ಮತ್ತೆ ಮಡಿಸಿದಳು. ಉಂಡೆ ಬಿದ್ದಲ್ಲೇ ಇತ್ತು.

ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಗರ್ಜನೆ. "ಯಾರದ್ರೇ ಇದು, ಬಾಯಿ ಬಿಟ್ಟಿರೋದು? ಹೂರಣ ಎಲ್ಲಾ ನೀರುಪಾಲು!"

ಎಲ್ಲರಿಗೂ ಗೊತ್ತು. ಎಲ್ಲರೂ ಮರ್ಯಾದೆಯಿಂದ ತಲೆ ತಗ್ಗಿಸಿ ಮಡಿಸುತ್ತಲೇ ಇದ್ದರು.

"ನಂದೇ ಕಣೇ," ಎಂದಳು ಡೊಲೋರಸ್.

ಸೌಟು ಹಿಡಿದು ಬಾಗಿಲಿಗೆ ಬಂದ ಬರ್ನಡೀನ್ ಅವಳನ್ನು ನೋಡಿದಳು, ನಾಯಿಯನ್ನು ನೋಡಿದಳು, ನೆಲದ ಮೇಲಿನ ಉಂಡೆಯನ್ನು ನೋಡಿದಳು. ಆಮೇಲೆ ಕಟ್ಟೆ ಒಡೆಯಿತು. "ಹದಿನಾಲ್ಕು ತಿಂಗಳು ಮನೇಲಿ ಕೂತು ಏನೇ ಕಿಸಿದೆ? ನಾಯಿಗೆ ಬುದ್ಧಿ ಬಂತು, ನಿಂಗೆ ಬರ್ಲಿಲ್ವಲ್ಲೇ ಮುಂಡೇದೆ!"

ಡೊಲೋರಸ್ ನಕ್ಕಳು. ಕಣ್ಣಲ್ಲಿ ನೀರು ಬರುವ ಹಾಗೆ, ಕುರ್ಚಿ ಮೇಜು ಅಲ್ಲಾಡುವ ಹಾಗೆ ನಕ್ಕಳು. ಕಾಲು ನಡುಗಿದ್ದು ಕಂಡು ಸ್ಟಾಶು ಎದ್ದು ಬಂದು ಮತ್ತೆ ಅವಳ ತೊಡೆಯ ಮೇಲೆ ಭಾರ ಹಾಕಿದ.

"ಬಿಡೋ," ಎಂದಳು, ಅವನ ಬಾಯಿಗೆ ಸಾಸೇಜಿನ ಚೂರು ಇಡುತ್ತ. "ಇದು ಅದಲ್ಲ ಕಣೋ."