ಚಾಮರಾಜಪೇಟೆಯಿಂದ ಬಂದ ಶಾಲು

ನನ್ನ ಅಜ್ಜಿಯ ವಯಸ್ಸಿನ ಹೆಂಗಸೊಬ್ಬರು ನನ್ನೆದುರು ಮಂಡಿಯೂರಿ, ತಲೆ ತಗ್ಗಿಸಿ, ಎರಡೂ ಕೈಯಿಂದ ನೀರಿನ ಲೋಟ ಚಾಚಿದರು. ಆಫ್ರಿಕಾದ ಮಲಾವಿಯ ಈ ಹಳ್ಳಿಯಲ್ಲಿ ಅದು ನನ್ನ ಮೊದಲ ಬೆಳಗು. ನಮ್ಮ ಕಡೆ ಹಿರಿಯರು ಕಿರಿಯರ ಕಾಲಿಗೆ ಬಿದ್ದರೆ ಕಿರಿಯರ ಆಯುಸ್ಸು ಕಡಿಮೆಯಾಗುತ್ತದೆ ಎನ್ನುತ್ತಾರಲ್ಲ, ಗಾಬರಿಯಾಗಿ ನಾನೂ ಧೊಪ್ಪನೆ ಮಂಡಿಯೂರಿಬಿಟ್ಟೆ. ಲೋಟದ ನೀರೆಲ್ಲ ಚೆಲ್ಲಿತು. ಅಂಗಳದಲ್ಲಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತಿಥಿಗೆ ಇಲ್ಲಿ ನೀರು ಕೊಡುವುದೇ ಹಾಗೆ ಎಂದು ಆಮೇಲೆ ತಿಳಿಯಿತು.

ನಾನು ಚಾಮರಾಜಪೇಟೆಯವಳು. ಅಲ್ಲಿನ ಒಂದು ಪುಟ್ಟ ಕ್ರೈಸ್ತ ಪ್ರಾರ್ಥನಾ ಸಭೆ ನನ್ನದು. ಸಭೆಯವರು ಇಲ್ಲಿನ ಮಿಷನ್ ಶಾಲೆಗೆ ತಗಡಿನ ಚಾವಣಿ ಹಾಕಿಸಿದರು, ಮಕ್ಕಳಿಗೆ ಬೆಳಗಿನ ಗಂಜಿಗೆ ಏರ್ಪಾಡು ಮಾಡಿದರು, ಕೊನೆಗೆ ಗಣಿತ ಕಲಿಸಲು ನನ್ನನ್ನೂ ಕಳಿಸಿದರು. ಮದುವೆಯಾಗದ, ಅಪ್ಪ ಅಮ್ಮ ಇಲ್ಲದ ಟೀಚರು ಇಂಥ ಕೆಲಸಕ್ಕೆ ಸುಲಭವಾಗಿ ಸಿಗುತ್ತಾಳೆ.

ಮನೆ ಎಂದರೆ ಎರಡು ಕೋಣೆ, ಹೊರಗೆ ಇದ್ದಿಲೊಲೆ. ಬೆಂಗಳೂರಿನಲ್ಲಿ ಗಂಟೆ ಒತ್ತುತ್ತೇವೆ. ಇಲ್ಲಿ ಬಾಗಿಲಿಂದಾಚೆ ನಿಂತು ‘ಓಡಿ’ ಎಂದು ಕೂಗಬೇಕು, ಒಳಬರಲೇ ಎಂದು ಅರ್ಥ. ಊಟಕ್ಕೆ ‘ಎನ್ಸಿಮಾ’. ಅದು ಮೆಕ್ಕೆಜೋಳದ ಬಿಳಿ ಮುದ್ದೆ, ನಮ್ಮ ಮುದ್ದೆಯ ದೂರದ ನೆಂಟ. ಸಂತೆಯಲ್ಲಿ ಒಮ್ಮೆ ರಾಗಿ ಕಂಡು, ಹಬ್ಬವೇ ಬಂದಂತಾಗಿ ಒಂದು ಚೀಲ ಹೊತ್ತು ತಂದೆ. ಇಲ್ಲಿ ರಾಗಿಯಿಂದ ಹೆಂಡ ಮಾಡುತ್ತಾರೆ. ಸಂಜೆಯೊಳಗೆ ಮಿಷನ್ ಟೀಚರು ಹೆಂಡ ಕಾಯಿಸುತ್ತಾಳೆ ಎಂದು ಊರೆಲ್ಲ ಸುದ್ದಿ. ನೆರೆಯವರನ್ನು ಕರೆದು ಮುದ್ದೆ ಬಡಿಸಿದ ಮೇಲೆಯೇ ನನ್ನ ಮಾನ ಉಳಿದದ್ದು. ಅಂಥ ದಿನಗಳಲ್ಲಿ ಈ ಊರು ನನಗೆ ಒಗ್ಗಿತು ಎಂದೇ ಅಂದುಕೊಳ್ಳುತ್ತಿದ್ದೆ. ಭಾನುವಾರ ಮಧ್ಯಾಹ್ನ ಮಾತ್ರ ಕನ್ನಡದಲ್ಲಿ ಬೈಯುವವರಾದರೂ ಒಬ್ಬರು ಇರಬಾರದಿತ್ತೇ ಅನಿಸುತ್ತಿತ್ತು.

ತಿಯಾಮಿಕೆ ನನ್ನ ಎಂಟನೇ ತರಗತಿಯ ಹುಡುಗಿ. ನಾನು ಬೋರ್ಡಿನ ಮೇಲೆ ಲೆಕ್ಕ ಬರೆದು ಮುಗಿಸುವುದರೊಳಗೆ ಉತ್ತರ ಹೇಳಿ, ತಾನೇ ನಾಚಿಕೊಳ್ಳುವವಳು. ಈ ವರ್ಷ ಪಟ್ಟಣದ ಹೆಣ್ಣುಮಕ್ಕಳ ವಸತಿ ಹೈಸ್ಕೂಲಿಗೆ ನಮ್ಮ ಶಾಲೆಯಿಂದ ಆಯ್ಕೆಯಾದವಳು ಅವಳೊಬ್ಬಳೇ. ಓದಿಸುವ ಖರ್ಚು ನಮ್ಮ ಸಭೆಯದು. ಅವಳು ಹೋಗಿ ಸೇರುವುದಷ್ಟೇ ಬಾಕಿ.

ಆ ಸಂತೋಷಕ್ಕೆ ಚಾಮರಾಜಪೇಟೆಯಿಂದ ಸಭೆಯ ಹಿರಿಯರಾದ ಜಯಕುಮಾರ್ ಅಂಕಲ್ ಶಾಲಾ ದಿನಾಚರಣೆಗೆ ಬಂದರು. ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚಾಗಿ ಇದ್ದದ್ದು ಶಾಲು, ಮೈಸೂರು ಪೇಟ, ಗಂಧದ ಹಾರ. ಬೆಂಗಳೂರಿನವರಿಗೆ ವೇದಿಕೆ ಕಂಡರೆ ಯಾರಿಗಾದರೂ ಸನ್ಮಾನ ಮಾಡದೆ ಕೈ ಸುಮ್ಮನಿರುವುದಿಲ್ಲ. ಮಗಳು ಗೆದ್ದರೆ ತಂದೆಗಲ್ಲದೆ ಯಾರಿಗಮ್ಮ ಮಾಡೋದು, ಎಂದರು. ನನಗೂ ಸರಿ ಎನಿಸಿತು. ತಿಯಾಮಿಕೆಯ ಅಪ್ಪನನ್ನು ಮೈಕಿನಲ್ಲಿ ಕರೆದವಳು ನಾನೇ. ಹೆಡ್‌ಮಾಸ್ಟರ್ ಬಾಂಡಾ ನನ್ನ ಕಿವಿಯ ಬಳಿ ಬಾಗಿ, ಹುಡುಗಿಯ ‘ಮಲುಮೆ’ ಕೂಡ ಬಂದಿದ್ದಾರೆ ಎಂದರು. ಮಲುಮೆ ಎಂದರೆ ಸೋದರಮಾವ. ಸಂತೋಷ ಎಂದು ತಲೆಯಾಡಿಸಿದೆ. ಆ ಬಡಪಾಯಿ ಅಪ್ಪ ಪೇಟ ತೊಟ್ಟು, ಶಾಲು ಹೊದ್ದು, ಕಟಕಟೆಯಲ್ಲಿ ನಿಲ್ಲಿಸಿದವನಂತೆ ನಿಂತಿದ್ದ. ಚಪ್ಪಾಳೆ ತಟ್ಟಿದವರು ಅಂಕಲ್ ಮತ್ತು ನಾನು ಮಾತ್ರ.

ಬಾಂಡಾ ಮರುದಿನ ಬಿಡಿಸಿ ಹೇಳಿದರು. ಇಲ್ಲಿ ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಬಂದು ಇರುತ್ತಾನೆ. ನಮ್ಮ ಭಾಷೆಯಲ್ಲಿ ಮನೆಅಳಿಯ. ಮಕ್ಕಳು ತಾಯಿಯ ಕುಲಕ್ಕೆ ಸೇರಿದವರು. ಅವರ ಓದು, ಮದುವೆ, ಕಾಯಿಲೆ, ಎಲ್ಲದರಲ್ಲೂ ಕೊನೆಯ ಮಾತು ತಾಯಿಯ ಅಣ್ಣನದು. ಎರಡನೇ ಸಾಲಿನಲ್ಲಿ ಕೂತಿದ್ದ ಆ ಅಣ್ಣನನ್ನು ಬಿಟ್ಟು, ಊರೆದುರು ಮನೆಅಳಿಯನಿಗೆ ನಾವು ಪಟ್ಟ ಕಟ್ಟಿದ್ದೆವು. ಗವಿಪುರದ ನನ್ನ ಗೆಳತಿಯ ಮದುವೆಯಲ್ಲಿ ಅವಳ ಕೈಹಿಡಿದು ಮಂಟಪಕ್ಕೆ ತಂದವರು ಸೋದರಮಾವ. ಅವರು ಬರುವುದು ತಡವಾಯಿತೆಂದು ಪುರೋಹಿತರೇ ಕಾದಿದ್ದರು. ಇಷ್ಟು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ. ಅಷ್ಟು ಹೊತ್ತಿಗೆ ಅಂಕಲ್ ವಿಮಾನ ಹತ್ತಿ ಆಗಿತ್ತು.

ಮಲುಮೆ ಜಗಳಕ್ಕೆ ಬರಲಿಲ್ಲ. ಸರೋವರದ ದಡದ ಹೆಂಡತಿಯ ಊರಲ್ಲಿ ಅವಳು ಹೆತ್ತಿದ್ದಾಳೆ, ಮಗು ನೋಡಿಕೊಳ್ಳಲು ತಿಯಾಮಿಕೆಯನ್ನು ಕರೆದೊಯ್ಯುತ್ತೇನೆ ಎಂದಷ್ಟೇ ಹೇಳಿಕಳಿಸಿದ. ಅಪ್ಪ ಶಾಲನ್ನು ಮಡಿಸಿ ನನ್ನ ಬಾಗಿಲಿಗೆ ತಂದು, ಇದು ನನಗೆ ಬೇಡ ಮೇಡಂ ಎಂದು ಇಟ್ಟುಹೋದ. ಬಾಂಡಾ ಮತ್ತು ನಾನು ಮಲುಮೆ ತಂಗಿದ್ದ ಮನೆಗೆ ಹೋದೆವು. ಕೋಳಿ ಕೊಯ್ದು ಉಪಚರಿಸಿದರು. ಕೋಪ ಇದ್ದಿದ್ದರೆ ಕಾಲು ಹಿಡಿಯಬಹುದಿತ್ತು. ಇಷ್ಟು ಮರ್ಯಾದೆಯ ಎದುರು ನನಗೆ ಏನು ಮಾಡಲೂ ತೋಚಲಿಲ್ಲ. ಊಟವಾದ ಮೇಲೆ ನಾನು ಕ್ಷಮೆ ಕೇಳಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡ.

“ಹುಡುಗಿಯ ಪರವಾಗಿ ಮಾತಾಡೋನು ನಾನು. ನಿಮ್ಮ ಪರವಾಗಿ ಮಾತಾಡೋರು ಯಾರು?”

ನಾನೇ ಎಂದೆ.

“ಹಾಗೆ ಪದ್ಧತಿ ಇಲ್ಲ ಮೇಡಂ. ನಿಮ್ಮ ತಾಯಿಗೆ ಅಣ್ಣತಮ್ಮಂದಿರು ಇಲ್ಲವೇ?”

ಒಬ್ಬರಿದ್ದಾರೆ, ಬೆಂಗಳೂರಿನ ಹನುಮಂತನಗರದಲ್ಲಿ, ಎಂದೆ.

“ಹಾಗಾದರೆ ಅವರು ಬರಲಿ. ಕೂತು ಮಾತಾಡೋಣ.”

ಗೇಲಿಯ ಸುಳಿವೂ ಅದರಲ್ಲಿರಲಿಲ್ಲ. ಫೋನಿನಲ್ಲಿ ಆಗದೇ ಎಂದೆ. ಚಾಪೆಯ ಮೇಲೆ ಎದುರು ಕೂರದವರ ಹತ್ತಿರ ಮಾತಾಡುವುದು ಹೇಗೆ ಎಂದ. ನನ್ನ ಪರವಾಗಿ ತಾವೇ ಕೂರುವುದಾಗಿ ಬಾಂಡಾ ಹೇಳಿದರೂ ಅವನು ಒಪ್ಪಲಿಲ್ಲ; ಅವರೂ ಬೇರೆ ಜಿಲ್ಲೆಯವರು, ಈ ಊರಿನ ಅಳಿಯ ಅಷ್ಟೇ.

ಮನೆಗೆ ಬಂದು ಮಾವನಿಗೆ ಫೋನು ಮಾಡಿದೆ. ಮಂಡಿನೋವೆಂದು ಪಕ್ಕದ ಗಾಂಧಿಬಜಾರಿಗೂ ಆಟೋ ಹಿಡಿಯುವವರು ಅವರು. ನಡೆದದ್ದನ್ನೆಲ್ಲ ಹೇಳಿದೆ.

“ಅಲ್ಲಿಗೆ ಬಂದು ನಾನೇನ್ ಮಾತಾಡ್ಲಮ್ಮ? ನಿಮ್ಮಮ್ಮ ಇದ್ದಿದ್ರೆ ನಿನ್ನ ಕಳಿಸ್ತಾನೇ ಇರ್ಲಿಲ್ಲ. ಸಾಕು, ನೀನೇ ಬಂದ್ಬಿಡು.”

ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ಹೋಗಿಬಿಡಬೇಕು ಎನಿಸಿತು, ಆ ಆಸೆಗೆ ಅಳುವೂ ಬಂತು. ಆದರೆ ಚಾಮರಾಜಪೇಟೆಯಲ್ಲಿ ನಾನೀಗ ಆಫ್ರಿಕಾದ ಟೀಚರ್. ಪ್ರತಿ ಭಾನುವಾರ ತಿಯಾಮಿಕೆಯ ಓದಿಗಾಗಿ ಪ್ರಾರ್ಥಿಸುವ ಹೆಂಗಸರು, ಹಾಸ್ಟೆಲ್ ಸಮವಸ್ತ್ರದಲ್ಲಿ ಅವಳ ಫೋಟೋ ಕಳಿಸು ಎಂದು ಕೇಳುತ್ತಲೇ ಇದ್ದಾರೆ. ಅವರೆದುರು ಏನೆಂದು ನಿಲ್ಲಲಿ? ಇಲ್ಲಿಯೋ, ಇಷ್ಟು ವರ್ಷ ಎನ್ಸಿಮಾ ಉಂಡರೂ ನನ್ನ ಪರವಾಗಿ ಚಾಪೆಯ ಮೇಲೆ ಕೂರಲು ಒಬ್ಬರಿಲ್ಲ.

ಅವಳು ಹೊರಟ ಬೆಳಿಗ್ಗೆ ಬಸ್ಸಿನ ಬಳಿ ಹೋದೆ. ಮಲುಮೆ ನಮಸ್ಕರಿಸಿ, ನಾವು ಮಾತಾಡಲೆಂದು ದೂರ ಸರಿದು ನಿಂತ. ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತ ತಿಯಾಮಿಕೆ, ನಿಮ್ಮ ಮಲುಮೆ ಅಲ್ಲಿಂದ ಹೊರಟರಾ ಎಂದು ಕೇಳಿದಳು. ಬೆಂಗಳೂರು ತುಂಬ ದೂರ ಎಂದೆ.

“ದೂರ ಆದರೇನು ಟೀಚರ್, ಮಲುಮೆ ಅಲ್ಲವೇ? ಬಂದೇ ಬರುತ್ತಾರೆ,” ಎಂದು ನನ್ನನ್ನೇ ಸಮಾಧಾನ ಮಾಡಿ ಅವಳು ಬಸ್ಸು ಹತ್ತಿದಳು.